ಮೀನಿಲ್ಲದ ಬೇಸಿಗೆ

ಕುಂದಾಪುರದ ಕಡಲ ಬದಿಯ ಊರುಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಧ್ಯಾಹ್ನದ ಅಡುಗೆ ಏನೆಂದು ಕೇಳಿದರೆ ಯಾರೂ ಹೇಳಲಾರರು. ಅನ್ನಕ್ಕೆ ಎಸರಿಟ್ಟಿರುತ್ತದೆ, ತೆಂಗಿನಕಾಯಿ ತುರಿದಿರುತ್ತದೆ, ಒಣಮೆಣಸು ಹುರಿದಿರುತ್ತದೆ. ಆದರೆ ಆ ಮಸಾಲೆ ಬಂಗುಡೆಗೋ, ಬೂತಾಯಿಗೋ, ನಂಗಿಗೋ ಎಂಬುದು ಮೀನಿನ ಬುಟ್ಟಿ ಅಂಗಳಕ್ಕೆ ಬಂದು ಇಳಿದ ಮೇಲೆಯೇ ತೀರ್ಮಾನವಾಗಬೇಕು. ನಮ್ಮ ಮನೆ ಕೋಟೇಶ್ವರದ ಪಡುಬದಿಯಲ್ಲಿದೆ. ನಮಗೆ ಮೀನು ತರುವಾಕೆ ಗಂಗೊಳ್ಳಿಯವಳು. ಗಂಗೊಳ್ಳಿ ಕುಂದಾಪುರದಿಂದ ಹೊಳೆಯಾಚೆ ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಾದರೆ ತ್ರಾಸಿ, ಹೆಮ್ಮಾಡಿ ಎಂದು ಸುತ್ತು ಹೊಡೆದು ಬರಬೇಕು. ಆಕೆ ನಸುಕಿನಲ್ಲಿ ಬಂದರಿನಲ್ಲಿ ಏಲಂ ಹಿಡಿದು, ಮೊದಲ ಬಸ್ಸಿಗೆ ಕುಂದಾಪುರ ಸೇರಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಕೊನೆಗೆ ಗದ್ದೆಯ ಅಂಚಿನಲ್ಲಿ ನಡೆದು ನಮ್ಮ ಮನೆಗೆ ತಲುಪುತ್ತಿದ್ದಳು. ನಾನು ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಮ್ಮ ಅಡುಗೆಮನೆಯ ಗಡಿಯಾರ ಅವಳೇ.

2020ರ ಮಾರ್ಚ್ ಕೊನೆಯ ವಾರ ಆ ಗಡಿಯಾರ ನಿಂತಿತು.

ದೇಶದ ಮೊದಲ ಕೊರೋನಾ ಸಾವು ಕಲಬುರಗಿಯಲ್ಲಿ ಆದ ಸುದ್ದಿ ಬಂದಾಗಲೇ ನಮ್ಮೂರಿನಲ್ಲಿ ಕಳವಳ ಶುರುವಾಗಿತ್ತು. ಯಕ್ಷಗಾನ ಮೇಳಗಳು ತಿರುಗಾಟದ ನಡುವೆಯೇ ಗೆಜ್ಜೆ ಬಿಚ್ಚಿದವು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗಳು, ಮನೆಯಿಂದಲೇ ಕೆಲಸ ಮಾಡಿ ಎಂದು ಕಂಪನಿ ಹೇಳಿದ ಕೂಡಲೇ ರಾತ್ರಿ ಬಸ್ಸು ಹತ್ತಿ ಬಂದಳು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಬಂದು ಇನ್ನು 21 ದಿನ ಯಾರೂ ಮನೆಯ ಹೊಸ್ತಿಲು ದಾಟಬಾರದು ಎಂದರು. ಮಾರನೆಯ ದಿನ ಯುಗಾದಿ.

ಕರಾವಳಿಯಲ್ಲಿ ಮೀನು ಎಂದರೆ ಬರಿಯ ಕಡಲಲ್ಲ. ದೋಣಿ ಹೋಗಬೇಕು, ದೋಣಿಗೆ ಡೀಸೆಲ್ ಬೇಕು, ಮಂಜುಗಡ್ಡೆ ಬೇಕು, ಬಂದರಿನಲ್ಲಿ ಏಲಂ ಕೂಗುವವರು ಬೇಕು, ಕೊಳ್ಳುವವರು ಗುಂಪು ಸೇರಬೇಕು, ಬುಟ್ಟಿ ಹೊತ್ತವಳಿಗೆ ಬಸ್ಸು ಬೇಕು. ಇದರಲ್ಲಿ ಒಂದು ನಿಂತರೂ ನಮ್ಮ ಮಡಕೆ ಖಾಲಿ. ಈ ಸಲ ಎಲ್ಲವೂ ಒಟ್ಟಿಗೇ ನಿಂತಿದ್ದವು. ಮಲ್ಪೆಯಂಥ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತ ಚಿತ್ರ ಪತ್ರಿಕೆಯಲ್ಲಿ ಬಂತು. ಅಂಥ ನೋಟ ಮೀನುಗಾರಿಕೆ ನಿಲ್ಲುವ ಜೂನ್, ಜುಲೈ ತಿಂಗಳಲ್ಲಿ ಕಾಣುವಂಥದ್ದು. ಮಾರ್ಚಿನಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ನಾನು ಗಂಗೊಳ್ಳಿಗೆ ಫೋನು ಮಾಡಿದೆ. "ಕಡ್ಲಿಗ್ ಯಾರೂ ಹೋಯ್ಲಿಲ್ಲೆ ಅಮ್ಮ, ಬುಟ್ಟಿ ಕವುಚಿ ಹಾಕಿದೆ" ಎಂದಳು. ಮಳೆಗಾಲದ ಆ ಎರಡು ತಿಂಗಳಿಗೆ ಬೇಕಾದ ದುಡ್ಡನ್ನು ಆಕೆ ಕೂಡಿಡುತ್ತಿದ್ದುದು ಇದೇ ಏಪ್ರಿಲ್, ಮೇ ತಿಂಗಳಲ್ಲಿ. ಆ ಮಾತು ಆಕೆ ಆಡಲಿಲ್ಲ, ನನಗೆ ತಿಳಿದಿತ್ತು.

ಮೊದಲ ವಾರ ಎಲ್ಲರೂ ಕೋಳಿಯ ಹಿಂದೆ ಬಿದ್ದರು. ಅದಕ್ಕೂ ಕೆಲವೇ ದಿನಗಳ ಹಿಂದೆ, ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೋಳಿಯನ್ನು ಕೇಳುವವರೇ ಇರಲಿಲ್ಲ. ಬೆಳಗಾವಿ, ಕೋಲಾರದ ಕಡೆ ಸಾಕಣೆದಾರರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಹಾಕಿದ್ದರು. ಆ ವಿಡಿಯೋ ನೋಡಿ ನನ್ನ ಅತ್ತೆ ಒಂದು ಹೊತ್ತು ಉಣ್ಣಲಿಲ್ಲ. ಅದೇ ಕೋಳಿ ಏಪ್ರಿಲಿನಲ್ಲಿ ಸಿಕ್ಕವರಿಗೆ ಸಿಕ್ಕಿತು. ಘಟ್ಟದ ಮೇಲಿನ ತರಕಾರಿ ಒಂದು ದಿನ ಬಂದರೆ ಎರಡು ದಿನ ಇಲ್ಲ. ಅಂಗಡಿ ಬೆಳಿಗ್ಗೆ ಕೆಲವು ಗಂಟೆ ಮಾತ್ರ ತೆರೆದಿರುತ್ತಿತ್ತು, ಸುಣ್ಣದ ವೃತ್ತಗಳಲ್ಲಿ ನಿಂತು ಸರದಿ ಕಾಯಬೇಕಿತ್ತು. ಮಗಳು ಯೂಟ್ಯೂಬ್ ನೋಡಿ ಕಾಫಿಪುಡಿ, ಸಕ್ಕರೆ ನೊರೆ ಬರುವಂತೆ ಕಡೆದು ಡಾಲ್ಗೋನ ಕಾಫಿ ಮಾಡಿದಳು, ಓವನ್ ಇಲ್ಲದೆ ಕುಕ್ಕರಿನಲ್ಲಿ ಕೇಕು ಬೇಯಿಸಿದಳು. ಆಗ ಎಲ್ಲ ಮನೆಯಲ್ಲೂ ಅದು ನಡೆದಿತ್ತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನಾನು ಹೇಳಬೇಕಾದದ್ದು ಅತ್ತೆಯ ಬಗ್ಗೆ. ಆಗ ಅವರಿಗೆ ಎಂಬತ್ತು ದಾಟಿತ್ತು. ಊರೆಲ್ಲ ಗಾಬರಿಯಲ್ಲಿದ್ದಾಗ ಅವರು ಮಾತ್ರ ಜಗಲಿಯಲ್ಲಿ ಕುಳಿತು, "ಈ ವರ್ಷ ಮಳ್ಗಾಲ ಬ್ಯಾಸ್ಗಿಯಗೇ ಬಂತ್ ಕಾಣ್" ಎಂದರು. ಹಾಗೆಂದು ಎದ್ದು, ಸೆರಗು ಸಿಕ್ಕಿಸಿ ಒಳಗೆ ಹೋದರು.

ಆ ಒಂದು ಮಾತು ನನ್ನ ಕಣ್ಣು ತೆರೆಸಿತು. ಕರಾವಳಿಗೆ ಪ್ರತಿವರ್ಷ ಲಾಕ್‌ಡೌನ್ ಇತ್ತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ಈಗಲೂ ನಿಷೇಧವಿದೆ, ಮೀನು ಮೊಟ್ಟೆಯಿಡುವ ಕಾಲವೆಂದು. ಕಾನೂನು ಬರುವ ಮೊದಲೂ ಮುಂಗಾರಿನ ಕಡಲಿಗೆ ಯಾರು ಇಳಿಯುತ್ತಿದ್ದರು? ಹೊಳೆ ತುಂಬಿ, ದಾರಿ ಮುಳುಗಿ, ಸಂತೆ ನಿಂತು, ಮನೆಯವರು ಮನೆಯಲ್ಲೇ ಇರಬೇಕಾದ ಎರಡು ಮೂರು ತಿಂಗಳು ಹಿಂದಿನವರ ಲೆಕ್ಕದಲ್ಲಿ ಮೊದಲೇ ಇರುತ್ತಿದ್ದವು. ಅದಕ್ಕಾಗಿ ಅವರು ಬೇಸಿಗೆಯಿಡೀ ಕೂಡಿಡುತ್ತಿದ್ದರು. ಆ ಕೂಡಿಡುವ ವಿದ್ಯೆಯನ್ನು ನಾವು ಫ್ರಿಜ್ಜು ಬಂದ ಮೇಲೆ, ಮನೆಬಾಗಿಲಿಗೆ ರಸ್ತೆ ಬಂದ ಮೇಲೆ, ಹೆದ್ದಾರಿ ಬದಿಯಲ್ಲಿ ಸೂಪರ್ ಮಾರ್ಕೆಟು ಬಂದ ಮೇಲೆ ಮೆಲ್ಲಗೆ ಕೈಬಿಟ್ಟಿದ್ದೆವು. ಅತ್ತೆ ಮಾತ್ರ ಬಿಟ್ಟಿರಲಿಲ್ಲ. ಯಾರೂ ತಿನ್ನದಿದ್ದರೂ ವರ್ಷವರ್ಷವೂ ಒಂದಿಷ್ಟು ಮಾಡಿ ಇಡುತ್ತಿದ್ದರು.

ಅಟ್ಟದಿಂದ ಮೊದಲು ಇಳಿದದ್ದು ಒಣ ಸೀಗಡಿಯ ಡಬ್ಬಿ. ಅದರ ಹಿಂದೆ ಉಪ್ಪು ಮೀನು. ಮಾಡಿನ ಪಕಾಸಿಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ್ದ ಸೌತೆಕಾಯಿಗಳು. ಗಾಳಿ ಆಡುವ ಹಾಗೆ ಒಂದಕ್ಕೊಂದು ತಾಗದಂತೆ ಕಟ್ಟಿದರೆ ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಹುರುಳಿ, ಹುಣಸೆಹಣ್ಣಿನ ಉಂಡೆ, ಪುನರ್ಪುಳಿ ಸಿಪ್ಪೆ, ಮಿಡಿ ಉಪ್ಪಿನಕಾಯಿಯ ಭರಣಿ. ಮಗಳು ಒಂದೊಂದನ್ನೇ ಕೆಳಗಿಳಿಸುತ್ತ, "ಅಜ್ಜಿ, ಇದೆಲ್ಲ ಯಾವಾಗ ಮಾಡಿದಿರಿ?" ಎಂದು ಕೇಳಿದಳು. ಅವಳು ಫೋನಿನಲ್ಲಿ ಮುಗಿಬಿದ್ದು ಕುಳಿತಿದ್ದಾಗ ಮಾಡಿದ್ದು ಎಂದು ಅತ್ತೆ ಹೇಳಬಹುದಿತ್ತು. ಹೇಳಲಿಲ್ಲ. ಒಣ ಸೀಗಡಿಯನ್ನು ಕಾವಲಿಯಲ್ಲಿ ಹೇಗೆ ಹುರಿಯಬೇಕು, ತಲೆ ಮೀಸೆ ಹೇಗೆ ತಿಕ್ಕಿ ತೆಗೆಯಬೇಕು ಎಂದು ತೋರಿಸಲು ಕುಳಿತರು. ಹುರಿದ ಸೀಗಡಿಗೆ ತೆಂಗಿನತುರಿ, ಸುಟ್ಟ ಒಣಮೆಣಸು, ಒಂದು ಎಸಳು ಬೆಳ್ಳುಳ್ಳಿ, ಚೂರು ಹುಣಸೆ. ನೀರು ಸೋಕಿಸದೆ ಅರೆಯಬೇಕು. ಕುಚ್ಚಲಕ್ಕಿ ಗಂಜಿಗೆ ಅದೊಂದಿದ್ದರೆ ಬೇರೆ ಪಲ್ಯ ಬೇಡ. ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಡಬ್ಬಿಯಲ್ಲಿ ಬಂದ ನೂಡಲ್ಸ್ ತಿನ್ನುತ್ತಿದ್ದ ಹುಡುಗಿ ಎರಡನೇ ಸಲ ಗಂಜಿ ಬಡಿಸಿಕೊಂಡಳು.

ಏಪ್ರಿಲ್ ಹತ್ತಿರವಾದಂತೆ ಹಿತ್ತಲು ತಾನೇ ಅಂಗಡಿಯಾಯಿತು. ಎಳೆ ಗೇರುಬೀಜ ಬಿಡಿಸಿ ತೊಂಡೆಕಾಯಿಯ ಜೊತೆ ಪಲ್ಯ. ಬಾವಿಕಟ್ಟೆಯ ಬಸಳೆಗೆ ಒಂದು ದಿನ ಹಲಸಿನ ಬೀಜ, ಇನ್ನೊಂದು ದಿನ ಒಣ ಸೀಗಡಿ. ಕಾಟು ಮಾವಿನ ಹಣ್ಣು ಕಿವುಚಿ ಗೊಜ್ಜು. ಇದನ್ನೆಲ್ಲ ನಾವು ಮೊದಲು ವರ್ಷಕ್ಕೊಮ್ಮೆ ಆಸೆಪಟ್ಟು ಮಾಡಿದರೆ ಹೆಚ್ಚು.

ಹಲಸಿನ ಮಾತು ಬೇರೆಯೇ ಹೇಳಬೇಕು. ನಮ್ಮ ಹಿತ್ತಲಿನಲ್ಲಿ ಒಂದು ಬಕ್ಕೆ, ಒಂದು ತುಳುವೆ ಮರ. ಹಿಂದಿನ ವರ್ಷಗಳಲ್ಲಿ ಅರ್ಧಕ್ಕರ್ಧ ಹಣ್ಣು ನೆಲಕ್ಕೆ ಬಿದ್ದು ಕೊಳೆತು, ನೊಣ ಕೂತು, ಅಂಗಳ ಗುಡಿಸುವುದೇ ಒಂದು ಕೆಲಸವಾಗುತ್ತಿತ್ತು. ಕೊಯ್ಯಲು ಜನ ಇಲ್ಲ, ಕೊರೆಯಲು ಬಿಡುವಿಲ್ಲ. ಆ ವರ್ಷ ಜನವೂ ಇತ್ತು, ಬಿಡುವೂ ಇತ್ತು. ಮೂವತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಕುಳಿತ ನನ್ನ ಗಂಡ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಮೇಣ ಒರೆಸಲು ಕಡ್ಡಿ ಹಿಡಿದು, ಹಲಸು ಕೊರೆಯಲು ಕಲಿತರು. ಎಳೆಯ ಗುಜ್ಜೆಯದು ಪಲ್ಯ, ಬಲಿತದ್ದು ಹಪ್ಪಳಕ್ಕೆ, ಉಪ್ಪಿಗೆ. ಬಲಿತು ಇನ್ನೂ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಹಿಡಿ ಕಲ್ಲುಪ್ಪು, ಮತ್ತೊಂದು ಪದರ ಸೊಳೆ. ಬಾಳೆ ಎಲೆ ಮುಚ್ಚಿ ಮೇಲೆ ಹೊಳೆಯ ಕಲ್ಲಿನ ಭಾರ. ತಾನೇ ನೀರು ಬಿಟ್ಟುಕೊಂಡು ಮುಳುಗುತ್ತದೆ. ಮಳೆಗಾಲದಲ್ಲಿ ಬೇಕಾದಷ್ಟು ತೆಗೆದು, ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಿ, ಪಲ್ಯ ಮಾಡಬಹುದು, ಅಕ್ಕಿಯೊಡನೆ ಅರೆದು ರೊಟ್ಟಿ ತಟ್ಟಬಹುದು. ಬೀಜವನ್ನು ಮರಳಿನಲ್ಲಿ ಹೂತಿಟ್ಟೆವು. ಹಪ್ಪಳಕ್ಕೆ ಇಡೀ ಮನೆ ಚಾಪೆಯ ಸುತ್ತ ಕುಳಿತಿತು. ಮಗಳ ಲ್ಯಾಪ್‌ಟಾಪಿನಲ್ಲಿ ಮೀಟಿಂಗು ನಡೆಯುತ್ತಿದ್ದರೆ ಅವಳ ಕೈ ಉಂಡೆ ಒತ್ತುತ್ತಿತ್ತು.

ಏಪ್ರಿಲ್ 14ಕ್ಕೆ ವಿಷು. 21 ದಿನ ಮುಗಿಯಬೇಕಿದ್ದ ದಿನವೂ ಅದೇ. ಬೆಳಿಗ್ಗೆ ಎದ್ದು ಕಣಿ ನೋಡಿದೆವು. ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಪಕಾಸಿನಿಂದ ಬಿಚ್ಚಿದ ಸೌತೆ, ಗೇರುಹಣ್ಣು, ಮಾವು, ಎಳೆ ಹಲಸು, ಅಕ್ಕಿಯೊಂದು ಬಿಟ್ಟರೆ ಎಲ್ಲವೂ ನಮ್ಮ ಹಿತ್ತಲಿನದೇ. ಹತ್ತು ಗಂಟೆಗೆ ಪ್ರಧಾನಿ ಲಾಕ್‌ಡೌನನ್ನು ಮೇ 3ರವರೆಗೆ ಮುಂದುವರಿಸಿದರು. ಅತ್ತೆ ಹೆಸರುಬೇಳೆ ಪಾಯಸ ತೊಳಸುತ್ತಲೇ ಇದ್ದರು. ಅವರಿಗೆ 1965ರ ನೆನಪು ಬಂತು. ಯುದ್ಧ, ಅಕ್ಕಿಯ ಅಭಾವ. ಸೋಮವಾರ ರಾತ್ರಿ ಒಂದು ಊಟ ಬಿಡಿ ಎಂದು ಲಾಲ್ ಬಹದ್ದೂರ್ ಶಾಸ್ತ್ರಿ ಕೇಳಿಕೊಂಡಿದ್ದರು, ಈ ಮನೆಯಲ್ಲಿ ಬಿಟ್ಟಿದ್ದರು. "ಆಗ ಹಲಸಿನ ಮರ ಅನ್ನ ಹಾಕಿತು" ಎಂದರು.

ಊಟದ ಹೊತ್ತೂ ಬದಲಾಯಿತು. ಮೊದಲು ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನಾನು ಸೊಸೈಟಿಯ ಕೆಲಸಕ್ಕೆ ಹೋಗುವವಳು, ಬುತ್ತಿ ಕಟ್ಟಿಕೊಂಡು ಓಡುತ್ತಿದ್ದೆ. ಅತ್ತೆ ಮಧ್ಯಾಹ್ನ ಒಬ್ಬರೇ ಬಡಿಸಿಕೊಂಡು, ಒಬ್ಬರೇ ಉಂಡು, ಒಬ್ಬರೇ ಬಟ್ಟಲು ತೊಳೆದಿಡುತ್ತಿದ್ದರು. ಎಷ್ಟು ವರ್ಷ ಹಾಗೆ ಉಂಡರು! ಲಾಕ್‌ಡೌನಿನಲ್ಲಿ ಒಂದು ಗಂಟೆಗೆ ಎಲ್ಲರೂ ಒಟ್ಟಿಗೆ ಕುಳಿತೆವು. ಅವರ ಊಟ ಹೆಚ್ಚಿತು. ವಯಸ್ಸಾಯಿತು, ಹಸಿವಿಲ್ಲ ಎಂದು ನಾವು ತಿಳಿದಿದ್ದದ್ದು ಹಸಿವಿಲ್ಲದ್ದಲ್ಲ, ಜೊತೆಯಿಲ್ಲದ್ದು. ಆ ವರ್ಷ ನಮ್ಮ ಮನೆಯಲ್ಲಾದ ಬದಲಾವಣೆಗಳಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು ಇದನ್ನೇ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಹಿತ್ತಲಿದ್ದವರ ಮಾತು ಇದು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ಪಕ್ಕ ತಗಡಿನ ಶೆಡ್ಡಿನಲ್ಲಿ ಗದಗದ ಕಡೆಯ ಒಂದು ಕುಟುಂಬವಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ಕೆಲಸ ನಿಂತಿತು, ಮೇಸ್ತ್ರಿ ಊರಿಗೆ ಹೋದವನು ಬರಲಿಲ್ಲ, ರೇಷನ್ ಕಾರ್ಡು ಊರಿನಲ್ಲಿತ್ತು. ಕುಂದಾಪುರದ ಅಂಗಡಿಗಳಲ್ಲಿ ಜೋಳದ ಹಿಟ್ಟು ಮೊದಲೇ ಅಪರೂಪ, ಆಗಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ನಾವು ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ ಕೊಟ್ಟೆವು, ಪಕ್ಕದ ಮನೆಯವರು ಬೇಳೆ ಕೊಟ್ಟರು. ಆಕೆ ತೆಗೆದುಕೊಂಡು ಹೋಗಿ ಮಾಡಿ ಬಡಿಸಿದಳು. ಮಕ್ಕಳು ಆ ದಪ್ಪ ಕೆಂಪು ಅನ್ನ ನೋಡಿ ಅತ್ತವು. "ಈ ಅಕ್ಕಿ ಉಂಡ್ರ ಹೊಟ್ಟಿ ತುಂಬತೈತ್ರಿ ಅಕ್ಕಾರ, ಆದ್ರ ಉಂಡಂಗ ಆಗಂಗಿಲ್ರಿ" ಎಂದಳು. ದೂರಲಿಲ್ಲ, ಇದ್ದದ್ದನ್ನು ಹೇಳಿದಳು. ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಏಕೆಂದರೆ ಪಡಿತರದಲ್ಲಿ ನಮ್ಮ ಕರಾವಳಿಗೆ ಬಂದದ್ದು ಬಿಳಿಯ ಬೆಳ್ತಿಗೆ ಅಕ್ಕಿ. ಕೇಂದ್ರ ಸರ್ಕಾರ ಏಪ್ರಿಲಿನಿಂದ ತಲೆಗೆ ಐದು ಕಿಲೋ ಧಾನ್ಯ ಉಚಿತವಾಗಿ ಕೊಟ್ಟಿತು, ಎಷ್ಟೋ ಮನೆಗಳನ್ನು ಅದು ಉಳಿಸಿತು. ಆದರೂ ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂಬ ನಮ್ಮವರ ಹಳೆಯ ಬೇಡಿಕೆ ಹಾಗೆಯೇ ಇತ್ತು. ಗಂಜಿಯುಂಡು ಗದ್ದೆಗಿಳಿಯುವವನಿಗೆ ಬೆಳ್ತಿಗೆ ಅನ್ನ ಎರಡು ಗಂಟೆಯಲ್ಲಿ ಕರಗಿ ಹೋಗುತ್ತದೆ. ಹಸಿದವನಿಗೆ ಏನಾದರೂ ಒಂದು ಸಿಕ್ಕರೆ ಸಾಲದೇ ಎನ್ನುವವರು ತಮ್ಮ ಬಟ್ಟಲಿನ ಅನ್ನವನ್ನು ಒಂದು ತಿಂಗಳು ಬದಲಿಸಿ ನೋಡಬೇಕು.

ಮೇ ಮೊದಲ ವಾರ ಸರ್ಕಾರ ಕಾರ್ಮಿಕರಿಗೆ ಉಚಿತ ಬಸ್ಸು ಬಿಟ್ಟಾಗ ಅವರು ಊರಿಗೆ ಹೋದರು. ಹೋಗುವ ಮುಂಚಿನ ದಿನ ಆಕೆ ಎಲ್ಲಿಂದಲೋ ಹೊಂದಿಸಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ, ಶೇಂಗಾ ಚಟ್ನಿಪುಡಿ ಸಹಿತ ನಮ್ಮ ಜಗಲಿಗೆ ತಂದಿಟ್ಟಳು. ದಾರಿಗೆ ಇಟ್ಟುಕೊಳ್ಳಿ ಎಂದರೂ ಕೇಳಲಿಲ್ಲ.

ಮೀನು ಮೆಲ್ಲಗೆ ಮರಳಿತು. ಏಪ್ರಿಲ್ ಎರಡನೆಯ ವಾರ ಕೇಂದ್ರ ಗೃಹ ಇಲಾಖೆ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು. ಮೊದಲು ಕಡಲಿಗಿಳಿದವು ನಾಡದೋಣಿಗಳು. ಆದರೆ ಬಸ್ಸಿರಲಿಲ್ಲ. ಬಂದರಿನಲ್ಲಿ ಮೀನು ಇದೆ, ನಮ್ಮ ಅಂಗಳದಲ್ಲಿ ಇಲ್ಲ. ಒಂದು ಬೆಳಿಗ್ಗೆ ಗಂಗೊಳ್ಳಿಯವಳ ಕೂಗು ಕೇಳಿತು. ಯಾರದೋ ಗೂಡ್ಸ್ ರಿಕ್ಷಾದಲ್ಲಿ ಹೆದ್ದಾರಿಯವರೆಗೆ ಬಂದು, ಉಳಿದದ್ದನ್ನು ಬಿಸಿಲಿನಲ್ಲಿ ನಡೆದು ಬಂದಿದ್ದಳು. ಮುಖಕ್ಕೆ ಸೆರಗಿನ ಚುಂಗು ಬಿಗಿದಿದ್ದಳು. ಬುಟ್ಟಿಯಲ್ಲಿ ಬಂಗುಡೆ, ಅದೂ ಚಿಕ್ಕದು. ದರ ಮೊದಲಿನದಕ್ಕಿಂತ ಬಹಳ ಹೆಚ್ಚು. ಅತ್ತೆ ಜೀವಮಾನದಲ್ಲಿ ಚೌಕಾಸಿ ಮಾಡದೆ ಮೀನು ಕೊಂಡವರಲ್ಲ. ಅಂದು ಹೇಳಿದಷ್ಟು ಕೊಟ್ಟು, ಆಕೆಯನ್ನು ಕೂರಿಸಿ ನೀರು, ಬೆಲ್ಲ ಕೊಟ್ಟು, ಗಂಜಿ ಉಣಿಸಿ ಕಳಿಸಿದರು. ಆ ವರ್ಷ ಪಶ್ಚಿಮ ಕರಾವಳಿಯ ನಿಷೇಧವನ್ನು ಕೇಂದ್ರ 61 ದಿನದಿಂದ 47ಕ್ಕೆ ಇಳಿಸಿತು, ಜೂನ್ 15ರಿಂದ ಜುಲೈ 31ರವರೆಗೆ. ಕಳೆದುಕೊಂಡ ದಿನಗಳಿಗೆ ಅದು ಏನೇನೂ ಸಾಲದು.

ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರು ಬರತೊಡಗಿದರು. ಕುಂದಾಪುರ, ಬೈಂದೂರಿನ ಯಾವ ಮನೆಗೆ ಹೋದರೂ ಮುಂಬೈಯ ಹೋಟೆಲಿನಲ್ಲಿ ಒಬ್ಬನಾದರೂ ಇರುತ್ತಾನೆ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ, ಅದಕ್ಕೂ ಹಿಂದಿನಿಂದ, ನಮ್ಮ ಹುಡುಗರು ಆ ಊರಿಗೆ ಉಣಬಡಿಸುತ್ತ ಬಂದಿದ್ದಾರೆ. ನನ್ನ ಮೈದುನನೂ ಅವರಲ್ಲೊಬ್ಬ. ಮುಂಬೈಯ ಉಪನಗರದಲ್ಲಿ ಸಣ್ಣ ಹೋಟೆಲು. ಮಾರ್ಚಿನಲ್ಲಿ ಮುಚ್ಚಿದ್ದು, ಬಾಡಿಗೆ ಮಾತ್ರ ಓಡುತ್ತಿತ್ತು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ, ಪಾಸು ಸಿಕ್ಕಿ, ನಾಲ್ಕೈದು ಮಂದಿ ಸೇರಿ ಕಾರು ಮಾಡಿಕೊಂಡು ಬಂದ. ನೇರ ಮನೆಗಲ್ಲ, ಊರಿನ ಶಾಲೆಗೆ, ಕ್ವಾರಂಟೈನಿಗೆ. ಆ ಶಾಲೆಯಲ್ಲಿ ಅವನು ಎರಡನೇ ಕ್ಲಾಸು ಕಲಿತಿದ್ದ.

ಮುಂಬೈಯಿಂದ ಬಂದವರಲ್ಲಿ ಸೋಂಕು ಕಂಡು ಜಿಲ್ಲೆಯ ಲೆಕ್ಕ ದಿನದಿನವೂ ಏರುತ್ತಿತ್ತು. ಊರಿನ ಕೆಲವರು ಶಾಲೆಯ ದಾರಿಯನ್ನೇ ಬಿಟ್ಟರು. ನಾನು ಊಟದ ಚೀಲವನ್ನು ಗೇಟಿಗೆ ನೇತುಹಾಕಿ ದೂರ ನಿಲ್ಲುತ್ತಿದ್ದೆ, ಅವನು ಬಂದು ತೆಗೆದುಕೊಳ್ಳುತ್ತಿದ್ದ. ಮೊದಲ ದಿನ ಸಾಂಬಾರು, ಪಲ್ಯ, ಹಪ್ಪಳ ಎಲ್ಲ ಕಟ್ಟಿದ್ದೆ. ಸಂಜೆ ಫೋನು ಮಾಡಿ, "ಅತ್ಗಿ, ಗಂಜಿ ಸಾಕ್. ಒಣ ಸೀಗ್ಡಿ ಚಟ್ನಿ ಇದ್ರೆ ಒಂಚೂರ್ ಹಾಕಿ" ಎಂದ. ಇಪ್ಪತ್ತೈದು ವರ್ಷ ಬೇರೆಯವರಿಗೆ ಇಡ್ಲಿ, ದೋಸೆ, ಪಾವ್ ಭಾಜಿ ಕೊಟ್ಟು ತಾನು ನಿಂತುಕೊಂಡೇ ಉಂಡವನು. ಶಾಲೆಯ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ನಿಧಾನವಾಗಿ ಗಂಜಿ ಉಣ್ಣುವುದನ್ನು ನಾನು ಗೇಟಿನ ಹೊರಗಿನಿಂದ ನೋಡಿದೆ.

ಮನೆಗೆ ಬಂದ ಮೇಲೆ ಅವನು ಅಡುಗೆಮನೆಗೆ ಇಳಿದ. ಹೊಟ್ಟೆಪಾಡಿಗೆ ಅಡುಗೆ ಮಾಡುವ ಗಂಡಸರು ನಮ್ಮ ಜಿಲ್ಲೆಯಲ್ಲಿ ಮನೆಮನೆಗಿದ್ದಾರೆ. ತಮ್ಮದೇ ಮನೆಯ ಒಲೆ ಹಚ್ಚಿದವರು ಕಡಿಮೆ. ಆ ಮಳೆಗಾಲ ಬೆಳಗಿನ ತಿಂಡಿ ಅವನದು. ಹಲಸಿನ ಎಲೆಯ ಕೊಟ್ಟೆ ಕಟ್ಟಲು ಅಮ್ಮನಿಂದ ಕಲಿತ, ಅವರಿಗೆ ಪಾವ್ ಭಾಜಿಯ ರುಚಿ ಹತ್ತಿಸಿದ. ಮಗಳು, "ಚಿಕ್ಕಪ್ಪ, ಇಲ್ಲೇ ಒಂದು ಹೋಟೆಲು ಹಾಕಿ" ಎಂದು ಗಂಟುಬಿದ್ದಳು. ಮಹಾರಾಷ್ಟ್ರ ಅಕ್ಟೋಬರ್ 5ರಿಂದ ಹೋಟೆಲಿನಲ್ಲಿ ಕೂತು ಉಣ್ಣಲು ಬಿಟ್ಟಿತು. ಆ ತಿಂಗಳೇ ಅವನು ಹೊರಟ. ಬಾಡಿಗೆ ಕಟ್ಟಬೇಕಿತ್ತು, ಸಾಲ ತೀರಿಸಬೇಕಿತ್ತು. ಚೀಲದಲ್ಲಿ ಉಪ್ಪುಸೊಳೆಯ ಡಬ್ಬಿ, ಹಪ್ಪಳದ ಕಟ್ಟು ಇತ್ತು.

ಇಲ್ಲದೆ ಹೋದದ್ದೂ ಇದೆ. ಮದುವೆಯ ಊಟ ಐವತ್ತು ಎಲೆಗೆ ಇಳಿಯಿತು. ಉಡುಪಿ ಕೃಷ್ಣಮಠ ಭಕ್ತರಿಗೆ ಮತ್ತೆ ಬಾಗಿಲು ತೆರೆದದ್ದು ಸೆಪ್ಟೆಂಬರ್ 28ಕ್ಕೆ. ಅಲ್ಲಿಯವರೆಗೆ ನಿತ್ಯ ಅನ್ನಪ್ರಸಾದವನ್ನೇ ನಂಬಿದ್ದವರು ಏನು ಉಂಡರೋ. ಯಕ್ಷಗಾನದ ಬಯಲಿನಲ್ಲಿ ನಡುರಾತ್ರಿ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಕಲಸಿಕೊಡುತ್ತಿದ್ದ ಚರುಮುರಿಯನ್ನು ಮನೆಯಲ್ಲಿ ಎಷ್ಟು ಮಾಡಿದರೂ ಆ ರುಚಿ ಬರಲಿಲ್ಲ. ಕಷಾಯದ ಮಾತು ಎಲ್ಲರಿಗೂ ಗೊತ್ತಿದೆ. ಆಯುಷ್ ಇಲಾಖೆ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ ಎಂದು ಪಟ್ಟಿ ಕೊಟ್ಟಿತು. ನಮ್ಮಲ್ಲಿ ಕೊತ್ತಂಬರಿ, ಜೀರಿಗೆಯ ಕಷಾಯ ಕುಡಿಯದ ಮನೆ ಮೊದಲೂ ಇರಲಿಲ್ಲ. ಅಮೃತಬಳ್ಳಿಯನ್ನು ಮಾತ್ರ ಜನ ಬೇರುಸಹಿತ ಕಿತ್ತರು, ನಮ್ಮ ಬೇಲಿಯದೂ ಹೋಯಿತು.

ಮರುವರ್ಷ, 2021ರ ಏಪ್ರಿಲ್ 27ರಿಂದ ಮತ್ತೆ ಕರ್ಫ್ಯೂ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಮೊದಲ ವರ್ಷ ಹೆದರಿಕೆಯಿದ್ದರೂ ಮನೆಯಲ್ಲಿ ಒಂದು ಬಗೆಯ ಹಬ್ಬವಿತ್ತು. ಎರಡನೆಯ ವರ್ಷ ಊರಿನಲ್ಲಿ ಹೆಣಗಳಿದ್ದವು. ಯಾರೂ ಹೊಸ ಅಡುಗೆಯ ಫೋಟೋ ಹಾಕಲಿಲ್ಲ. ಮೇ ತಿಂಗಳಲ್ಲಿ ನನಗೂ ಜ್ವರ ಬಂತು. ಮಹಡಿಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಜ್ವರ ಇಳಿದ ಮೇಲೆ ಮಗಳು ಬಾಗಿಲ ಬಳಿ ಬಂಗುಡೆ ಸಾರು, ಅನ್ನ ಇಟ್ಟು ಹೋದಳು. ತುತ್ತು ಬಾಯಿಗಿಟ್ಟರೆ ಬಿಸಿ ಗೊತ್ತಾಯಿತು, ಖಾರದ ಉರಿ ಗೊತ್ತಾಯಿತು, ಮೀನು ಗೊತ್ತಾಗಲಿಲ್ಲ. ಮೂಗಿಗೆ ತೆಂಗಿನೆಣ್ಣೆ ಹಿಡಿದೆ, ಇಲ್ಲ. ಹಿಂದಿನ ವರ್ಷ ಮೀನು ಇರಲಿಲ್ಲ, ಆ ವರ್ಷ ಮೀನು ಎದುರಿಗಿದ್ದೂ ಇರಲಿಲ್ಲ. ನಾನು ಬಹಳ ಅತ್ತೆ.

ಅತ್ತೆಯವರು ದಿನವೂ ಕೆಳಗಿನಿಂದ ಏನಾದರೊಂದು ಕಳಿಸುತ್ತಿದ್ದರು, ಮಿಡಿ ಉಪ್ಪಿನಕಾಯಿ, ಸುಟ್ಟ ಉಪ್ಪುಮೀನು, ಜಜ್ಜಿದ ಶುಂಠಿ. ಮೂಸು, ದಿನಾ ಮೂಸು, ಬರುತ್ತದೆ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಡಾಕ್ಟರೂ ಆಮೇಲೆ ಅದನ್ನೇ ಹೇಳಿದರು, ಪರಿಚಿತ ವಾಸನೆಗಳನ್ನು ದಿನವೂ ಮೂಸುತ್ತಿರಿ ಎಂದು. ಮೊದಲು ಮರಳಿದ್ದು ಕೆಂಡದ ಮೇಲೆ ಸುಟ್ಟ ಉಪ್ಪುಮೀನಿನ ವಾಸನೆ. ಪೇಟೆಯವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಅದು ಜೀವದ ವಾಸನೆ.

ಈಗ ಏನು ಉಳಿದಿದೆ ಎಂದು ಕೇಳಿದರೆ, ಎಲ್ಲ ಉಳಿದಿಲ್ಲ. ಮಗಳು ಬೆಂಗಳೂರಿಗೆ ಮರಳಿದಳು, ರಾತ್ರಿಯ ಡಬ್ಬಿ ಊಟವೂ ಮರಳಿತು. ಆದರೆ ಅವಳ ಕೋಣೆಯಲ್ಲಿ ಒಂದು ಸಣ್ಣ ಭರಣಿ ಇದೆ, ಕುಚ್ಚಲಕ್ಕಿ ಊರಿನಿಂದಲೇ ಹೋಗುತ್ತದೆ. ಮುಂಬೈಯಿಂದ ಬಂದವರು ಹಡಿಲು ಬಿದ್ದ ಗದ್ದೆಗಳನ್ನು ಅಲ್ಲಲ್ಲಿ ಉತ್ತರು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿಯ ಆಂದೋಲನವೇ ನಡೆದು, ಬೆಳೆದ ಕಜೆ ಅಕ್ಕಿ 'ಉಡುಪಿ ಕೇದಾರ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಮ್ಮ ಮನೆಯಲ್ಲಿ ಹಲಸು ಈಗ ನೆಲಕ್ಕೆ ಬಿದ್ದು ಕೊಳೆಯುವುದಿಲ್ಲ. ಗಂಗೊಳ್ಳಿಯವಳು ಬಸ್ಸಿನಲ್ಲೇ ಬರುತ್ತಾಳೆ, ಅತ್ತೆ ಚೌಕಾಸಿ ಮಾಡುತ್ತಾರೆ. ಮಧ್ಯಾಹ್ನ ಅವರನ್ನು ಒಬ್ಬರೇ ಉಣ್ಣಲು ಬಿಡುವುದಿಲ್ಲ. ನಾನು ನಿವೃತ್ತಿಗೆ ಕಾಯದೆ ಕೆಲಸ ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ಅತ್ತೆ ಹೇಳಿದ್ದನ್ನೆಲ್ಲ ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎಷ್ಟು ಸೊಳೆಗೆ ಎಷ್ಟು ಉಪ್ಪು, ಸೌತೆ ಯಾವ ಹದಕ್ಕೆ ಕೊಯ್ಯಬೇಕು, ಬೀಜ ಹೂಳುವ ಮರಳು ಎಷ್ಟು ಒಣಗಿರಬೇಕು. ಅವರಿಗೆ ಅಳತೆ ಕೈಯಲ್ಲಿದೆ, ಬಾಯಲ್ಲಿಲ್ಲ. ಜೊತೆಗೆ ನಿಂತು ಮಾಡಿದರೆ ಮಾತ್ರ ತಿಳಿಯುತ್ತದೆ. ನಿಮ್ಮ ಮನೆಯಲ್ಲೂ ಅಂಗಡಿ ಇಲ್ಲದ ಮಳೆಗಾಲ ಕಳೆದ ಹಿರಿಯರೊಬ್ಬರು ಇದ್ದರೆ, ಈ ಏಪ್ರಿಲಿನಲ್ಲಿ ಹಲಸು ಬಲಿಯುವ ಮುಂಚೆ ಅವರ ಬಳಿ ಕೂತು ಕೇಳಿ, ಮಾಡಿ, ಬರೆದಿಟ್ಟುಕೊಳ್ಳಿ.